ಚಿಮಣಿಯ ದೀಪ ಹುಡುಕಿಕೊಂಡು ಹೋದದ್ದು

ನಮ್ಮ ಬೀದರಿನಲ್ಲಿ ‘ಚಿಮಣಿ’ ಎಂಬ ಮಾತನ್ನು ಸ್ವಲ್ಪ ನೋಡಿಕೊಂಡು ಆಡಬೇಕು. ಮರಾಠಿ ಮನೆಮಾತಿನವರ ಮುಂದೆ ಆಡಿದರೆ ಅವರು ಕಿಟಕಿಯ ಕಡೆ ತಿರುಗುತ್ತಾರೆ, ಅವರಿಗೆ ಅದು ಗುಬ್ಬಚ್ಚಿ. ನನ್ನ ವಯಸ್ಸಿನ ಕನ್ನಡದವರ ಮುಂದೆ ಆಡಿದರೆ ಸೀಮೆಎಣ್ಣೆಯ ವಾಸನೆ ಮೂಗಿಗೆ ಬರುತ್ತದೆ, ಅವರಿಗೆ ಅದು ಬತ್ತಿಯ ಬುಡ್ಡಿ. ಒಲೆಯ ಮೇಲೆ ಗೋಡೆಗೆ ಅಂಟಿಕೊಂಡು, ಗುಂಯ್ ಎನ್ನುತ್ತ ಒಗ್ಗರಣೆಯ ಹೊಗೆ ಹೀರುವ ಸ್ಟೀಲಿನ ಯಂತ್ರಕ್ಕೂ ಅದೇ ಹೆಸರು ಬಂದದ್ದು ಈಚೆಗೆ. ಹೋದ ಬೇಸಿಗೆಯಲ್ಲಿ ನಾನು ಹಳೆಯ ಪೇಟೆಯ ಅಂಗಡಿಯೊಂದಕ್ಕೆ ಹೋಗಿ “ಚಿಮಣಿ ದೀಪ ಹೋಗ್ಯಾದ, ಬ್ಯಾರೆ ಬೇಕಿತ್ತು” ಎಂದೆ. ಅಂಗಡಿಯವರು ನನ್ನನ್ನು ಮರುಕದಿಂದ ನೋಡಿ, “ಕರೆಂಟ್ ತಗೋರಿ ಸರ್, ಈಗ ಎಲ್ಲಾ ಕಡಿ ಬಂದದ” ಎಂದರು.

ಅವರು ತಮಾಷೆ ಮಾಡಿದರೋ, ನಿಜವಾಗಿ ತಿಳಿಯದೆ ಹೇಳಿದರೋ ನನಗೆ ಇಂದಿಗೂ ಅನುಮಾನವಿದೆ. ಅನುಮಾನ ನನಗೆ ಮನೆತನದಿಂದ ಬಂದದ್ದು. ಠಾಣಾ ಕುಶನೂರಿನಲ್ಲಿ ನನ್ನ ಅಜ್ಜಿ ಎಣ್ಣೆಯ ಬಾಟಲಿಗೆ, ಎಣ್ಣೆ ಎಲ್ಲಿಯವರೆಗೆ ಇದೆಯೋ ಸರಿಯಾಗಿ ಅಲ್ಲಿಗೆ ಒಂದು ಕರಿ ದಾರ ಕಟ್ಟುತ್ತಿದ್ದಳು. ಬೆಳಿಗ್ಗೆ ಎದ್ದವಳೇ ಮುಖ ತೊಳೆಯುವ ಮೊದಲು ಬಾಟಲಿ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದಳು. ಎಣ್ಣೆ ದಾರಕ್ಕಿಂತ ಕೆಳಗಿದ್ದರೆ ಸೊಸೆಯಂದಿರ ಮೇಲೆ ಅನುಮಾನ. ದಾರದ ಸಮಕ್ಕೇ ಇದ್ದರೆ, ಯಾರೋ ಎಣ್ಣೆ ತೆಗೆದು ನೀರು ಬೆರೆಸಿದ್ದಾರೆಂದು ಇನ್ನೂ ದೊಡ್ಡ ಅನುಮಾನ. ಮೂಸಿ ನೋಡೆಂದು ನನ್ನನ್ನು ಕರೆಯುತ್ತಿದ್ದಳು. ನಾನು ಮೂಸಿ ಗಂಭೀರವಾಗಿ ತಲೆ ಆಡಿಸುತ್ತಿದ್ದೆ. ಯಾವ ಕಡೆಗೆ ಆಡಿಸಿದೆನೆಂದು ನನಗೇ ಗೊತ್ತಿರುತ್ತಿರಲಿಲ್ಲ. ಆದರೆ ಅಷ್ಟರಿಂದ ಯಾರೋ ಒಬ್ಬ ಸೊಸೆಯ ಆ ದಿನ ಕೆಡುತ್ತಿತ್ತು. ನನ್ನ ತಾಯಿಯೂ ಆ ಸೊಸೆಯಂದಿರಲ್ಲಿ ಒಬ್ಬಳು ಎಂಬುದು ಆಗ ನನ್ನ ತಲೆಗೆ ಹೊಳೆಯಲಿಲ್ಲ.

ಮನೆತನದ ಈ ಗುಣಕ್ಕೆ ನೌಕರಿ ನೀರೆರೆಯಿತು. ಭಾಲ್ಕಿಯ ಸಾಲೆಯೊಂದರಲ್ಲಿ ನಾನು ಮೂವತ್ತು ವರ್ಷ ಗಣಿತ ಕಲಿಸಿದೆ. ಕಲಿಸಿದ್ದಕ್ಕಿಂತ ಪರೀಕ್ಷೆಯ ಕೋಣೆಯಲ್ಲಿ ಬೆನ್ನ ಹಿಂದೆ ಕೈಕಟ್ಟಿ ಓಡಾಡಿದ್ದೇ ಹೆಚ್ಚೆಂದು ನನ್ನ ಹೆಂಡತಿ ಹೇಳುತ್ತಾಳೆ. ಒಮ್ಮೆ ಒಬ್ಬ ಹುಡುಗಿ ಕಂಪಾಸ್ ಡಬ್ಬಿಯನ್ನು ಪದೇಪದೇ ಅರೆ ತೆರೆದು ಇಣುಕುತ್ತಿದ್ದಳು. ನಾನು ಬೆಕ್ಕಿನಂತೆ ಹೋಗಿ ಅವಳ ಹಿಂದೆ ನಿಂತು “ಡಬ್ಬಿಯಾಗ ಏನದ?” ಎಂದೆ. “ಚಿಮಣಿರಿ ಸರ್” ಎಂದಳು. ಪರೀಕ್ಷೆಗೆ ದೀಪ ತಂದಿದ್ದಾಳೆಂದು ಸಿಟ್ಟು ಬಂತು. ಡಬ್ಬಿ ಕಸಿದು ತೆರೆದರೆ, ಗೂಡಿನಿಂದ ಬಿದ್ದ ರೆಕ್ಕೆ ಬಲಿಯದ ಗುಬ್ಬಿ ಮರಿಯೊಂದು ಕೈವಾರದ ಪಕ್ಕ ಕೂತು, ನನ್ನನ್ನು ನೋಡಿ ಬಾಯಿ ಕಳೆಯಿತು. ಇಡೀ ಕೋಣೆ ನಕ್ಕಿತು. ನಾನು ನಗಲಿಲ್ಲ. ಮರಿಯ ಕೆಳಗೆ ಹಾಸಿದ್ದ ಕಾಗದವನ್ನು ಬಿಡಿಸಿ, ಅದರಲ್ಲಿ ಸೂತ್ರವೇನಾದರೂ ಬರೆದಿದೆಯೇ ಎಂದು ನೋಡಿದೆ.

ಇಂಥವನು ನಿವೃತ್ತನಾಗಿ ಬೀದರಿನ ಮನೆಯ ಅಡುಗೆಕೋಣೆಗೆ ಬಂದು ನಿಂತೆ. ಹೆಂಡತಿ ನಿರ್ಮಲಾಳಿಗೆ ಇನ್ನೂ ನೌಕರಿ ಇದೆ. ಸಂತಪುರದ ಪ್ರಾಥಮಿಕ ಸಾಲೆಯಲ್ಲಿ ಅವಳು ಟೀಚರು. ಬೆಳಿಗ್ಗೆ ಔರಾದಿನ ಬಸ್ಸು ಹಿಡಿದು ಹೋದರೆ ಸಂಜೆಗೆ ಬರುತ್ತಾಳೆ. ಹಾಗಾಗಿ ಅಡುಗೆ ನನ್ನ ಪಾಲಿಗೆ ಬಂತು, ಅದರೊಂದಿಗೆ ಚಿಮಣಿಯೂ. ಮನೆ ಕಟ್ಟಿಸಿದಾಗ ತಂದದ್ದು ಅದು. ಅದರ ತಳದಲ್ಲಿ ಎರಡು ಗುಂಡು ದೀಪಗಳಿದ್ದವು. ನಮ್ಮ ಅಡುಗೆಮನೆಯ ಕಿಟಕಿಗೆ ಎದುರಿಗೇ ಪಕ್ಕದ ಮನೆಯ ಗೋಡೆ. ಟ್ಯೂಬ್‌ಲೈಟು ಬೆನ್ನಿಗೆ ಬರುವುದರಿಂದ ಒಲೆಯ ಮೇಲಿನ ಪಾತ್ರೆಯಲ್ಲಿ ಅಡುಗೆಗಿಂತ ಹೆಚ್ಚಾಗಿ ನನ್ನ ನೆರಳೇ ಕಾಣುತ್ತದೆ. ಆ ಎರಡು ದೀಪಗಳಿಂದಲೇ ನನ್ನ ಅಡುಗೆ ಊಟಕ್ಕೆ ಯೋಗ್ಯವಾಗಿತ್ತು.

ಒಂದು ದಿನ ಎಡಗಡೆಯದು ಹೋಯಿತು. ಬಲ್ಬು ಬದಲಿಸಲೆಂದು ಬಿಚ್ಚಲು ಹೋದರೆ, ಅದನ್ನು ಹಿಡಿದಿಟ್ಟಿದ್ದ ಸುತ್ತುಬಳೆ ಬಿಸಿಗೂ ಜಿಡ್ಡಿಗೂ ಹಪ್ಪಳವಾಗಿದ್ದು, ಕೈಯಲ್ಲೇ ಪುಡಿಯಾಯಿತು. ನಾನು ಅಂಬಾದಾಸನಿಗೆ ಫೋನ್ ಮಾಡಿದೆ.

ಅಂಬಾದಾಸ ಭಾಲ್ಕಿ ತಾಲೂಕಿನ ಮೆಹಕರದವನು. ಬೀದರಿನಲ್ಲಿ ಹೆಂಡತಿ ಮಕ್ಕಳೊಂದಿಗೆ ಬಾಡಿಗೆ ಮನೆಯಲ್ಲಿದ್ದು ಮಿಕ್ಸರು, ಗ್ಯಾಸಿನ ಒಲೆ, ಚಿಮಣಿ ರಿಪೇರಿ ಮಾಡುತ್ತಾನೆ. ನಮ್ಮ ಓಣಿಯ ಅರ್ಧ ಮನೆಗಳು ಅವನ ಗಿರಾಕಿಗಳು. ನನಗೆ ಅವನ ಗುರುತು ಇನ್ನೂ ಹಳೆಯದು. ಹತ್ತನೆಯ ಇಯತ್ತೆಯ ಗಣಿತ ಪರೀಕ್ಷೆಯಲ್ಲಿ ಅವನ ಅಂಗಿಯ ತೋಳಿನ ಮಡಿಕೆಯಿಂದ ನಾನೇ ಚೀಟಿ ಎಳೆದಿದ್ದೆ. ಅದಾಗಿ ಎಷ್ಟೋ ವರ್ಷ ಕಳೆದು, ಅವನ ತಲೆಯಲ್ಲಿ ನರೆ ಬಂದಿದ್ದರೂ, ಅವನು ಮನೆಗೆ ಬಂದಾಗೆಲ್ಲ ನನ್ನ ಕಣ್ಣು ಮೊದಲು ಹೋಗುತ್ತಿದ್ದುದು ಅವನ ತೋಳಿನ ಮಡಿಕೆಗೆ.

ಅವನು ಸ್ಟೂಲ್ ಹತ್ತಿ ಚಿಮಣಿಯ ಕೆಳಗೆ ಕತ್ತು ತೂರಿಸಿ ನೋಡಿದ.

“ಈ ಲೈಟ್ ಈಗ ಬರಂಗಿಲ್ರಿ ಸರ್. ಕಂಪನಿಯವರು ಬಂದ್ ಮಾಡ್ಯಾರ. ಹೊಸಾ ಲೈಟ್ ಸಣ್ಣವ ಅವ, ಈ ತೂತಿನಾಗ ನಿಂದ್ರಂಗಿಲ್ಲ, ಜಾರಿ ಬೀಳ್ತಾವ.”

“ಅಂದ್ರ?”

“ಅಂದ್ರ ಹೊಸಾ ಚಿಮಣಿ ತಗೋಬೇಕು. ಇಲ್ಲಾಂದ್ರ ಜರಾ ಟೈಮ್ ಕೊಡ್ರಿ, ನಾ ಏನಾರ ಹುಡುಕ್ತೇನಿ.”

ಹೊಸಾ ಚಿಮಣಿ ಎಂಬ ಮಾತು ಕೇಳಿದ ಕೂಡಲೆ ನನ್ನೊಳಗಿನ ಅಜ್ಜಿ ಎದ್ದು ಕೂತಳು. ಬಂದ್ ಮಾಡಿದ್ದಾರೆಂದು ಇವನಿಗೆ ಹೇಳಿದವರು ಯಾರು? ಅಷ್ಟರಲ್ಲಿ ಅವನು ಕೆಟ್ಟ ದೀಪದ ಜತೆಗೆ ಉರಿಯುತ್ತಿದ್ದ ಬಲಗಡೆಯ ದೀಪವನ್ನೂ ಬಿಚ್ಚಿ ಕಟ್ಟೆಯ ಮೇಲಿಟ್ಟ.

“ಅದ್ಯಾಕ ತಗದಿ? ಅದ ಚಲೋ ಅದಲ್ಲ.”

“ಅದಕ್ಕೇ ಬೇಕ್ರಿ ಸರ್. ಅಂಗಡ್ಯಾಗ ತೋರಸಲಿಕ್ಕ ಚಲೋದು ಬೇಕು, ಅಳತಿಗಿ ಕೆಟ್ಟದ್ದು ನಡೀತದ.”

ಉತ್ತರ ಸರಿಯಾಗಿತ್ತು. ಸರಿಯಾದ ಉತ್ತರ ಥಟ್ಟನೆ ಬಂದರೆ ನನಗೆ ನಕಲಿನ ಅನುಮಾನ ಹುಟ್ಟುತ್ತದೆ. ಅವನು ಹಿತ್ತಿಲಿಗೆ ಕೈತೊಳೆಯಲು ಹೋದಾಗ ನಾನು ಜೇಬಿನಿಂದ ಕೆಂಪು ಪೆನ್ನು ತೆಗೆದು ಎರಡೂ ದೀಪಗಳ ಅಂಚಿಗೆ ಒಂದೊಂದು ರೈಟ್ ಮಾರ್ಕ್ ಹಾಕಿದೆ. ಒಂದು ಕೆಟ್ಟ ದೀಪಕ್ಕೂ ರೈಟ್ ಹಾಕಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಅಂಬಾದಾಸ ಎರಡೂ ದೀಪಗಳನ್ನು ಹಳೆಯ ಅರಿವೆಯಲ್ಲಿ ಸುತ್ತಿಕೊಂಡು ಹೋದ. ಎರಡು ದಿನ ಕಳೆದು ಫೋನ್ ಮಾಡಿದರೆ, ಸ್ವಿಚ್ ಆಫ್. ನಾಲ್ಕು ದಿನವಾದರೂ ಸ್ವಿಚ್ ಆಫ್.

ಆ ದಿನಗಳಲ್ಲಿ ನಾನು ಕತ್ತಲಲ್ಲಿ ಅಡುಗೆ ಮಾಡಿದೆ. ಜೀರಿಗೆಯೆಂದು ಅಜವಾನ ಹಾಕಿದೆ. ಬದನೆಕಾಯಿ ಪಲ್ಯ ಕೆಂಪಾಗಿದೆಯೆಂದು ಇಳಿಸಿದ್ದು ತಟ್ಟೆಗೆ ಬಂದಾಗ ಕಪ್ಪಗಿತ್ತು. ನಿರ್ಮಲಾ ಸಂಜೆ ಊಟಕ್ಕೆ ಕೂತು, ಬ್ಯಾಳಿಯೊಳಗಿಂದ ಚಮಚದಿಂದ ಏನನ್ನೋ ಎತ್ತಿ ಬೆಳಕಿಗೆ ಹಿಡಿದು, “ಇದೇನ ಹಾಕೀರಿ?” ಎಂದು ಕೇಳಿದಳು.

“ಲವಂಗ ಇರಬೇಕು.”

“ಲವಂಗಕ್ಕ ಕಾಲ ಇರ್ತಾವೇನು?”

ನಾನು ನಿಜವಾಗಿ ಯೋಚಿಸುತ್ತಿದ್ದುದು ಅಂಬಾದಾಸನ ವಿಷಯ. ನಮ್ಮ ದೀಪದಂಥದು ಎಲ್ಲಿಯೂ ಸಿಗುವುದಿಲ್ಲವೆಂದ ಮೇಲೆ, ಇರುವ ಒಂದು ಒಳ್ಳೆಯ ದೀಪಕ್ಕೆ ಬೆಲೆ ಬಂತಲ್ಲವೇ? ನಮ್ಮಂಥದೇ ಚಿಮಣಿ ಇರುವ ಇನ್ನೊಂದು ಮನೆ ಬೀದರಿನಲ್ಲಿ ಇರಲೇಬೇಕು. ಈಗ ಆ ಮನೆಯವರು ಬೆಳಕಿನಲ್ಲಿ ಬದನೆಕಾಯಿ ಹುರಿಯುತ್ತಿದ್ದಾರೆ.

ಪೇಟೆಯ ಅಂಗಡಿಗಳನ್ನೆಲ್ಲ ತಿರುಗಿದೆ. ಒಬ್ಬರು ಕರೆಂಟ್ ತಗೋರಿ ಎಂದದ್ದನ್ನು ಆಗಲೇ ಹೇಳಿದೆ. ಉಳಿದವರು ಒಬ್ಬರ ಬಾಯಿಂದ ಇನ್ನೊಬ್ಬರು ಕಸಿದುಕೊಂಡವರಂತೆ “ಹೊಸಾ ಚಿಮಣಿ ತಗೋರಿ” ಎಂದರು. ಎಲ್ಲರೂ ಒಂದೇ ಉತ್ತರ ಬರೆದರೆ ನಾವು ಪರೀಕ್ಷಕರು ಏನು ತಿಳಿಯುತ್ತೇವೆ? ಕೋಣೆಗೆ ಕೋಣೆಯೇ ಕಲೆತಿದೆ ಎಂದು. ಉತ್ತರ ನಿಜವಾಗಿಯೂ ಅದೇ ಇರಬಹುದೆಂದು ಪರೀಕ್ಷಕನಿಗೆ ಕೊನೆಗೆ ಹೊಳೆಯುತ್ತದೆ.

ಶನಿವಾರ ಭಾಲ್ಕಿಗೆ ಹೋದೆ. ಅಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರದ ವಿದ್ಯುತ್ ಸಾಮಾನಿನ ಹಳೆಯ ಅಂಗಡಿಯೊಂದು ನನಗೆ ಗೊತ್ತು. ಅವತ್ತು ಸಂತೆಯಂಥ ಗದ್ದಲವಿತ್ತು. ಮಾಲಕರು ನೀರಿನ ಮೋಟರೊಂದರ ಬಗ್ಗೆ ನಾಲ್ಕು ಜನರೊಂದಿಗೆ ಒಟ್ಟಿಗೆ ಮಾತಾಡುತ್ತಿದ್ದರು. ನನ್ನ ಸರದಿಗೆ ಕಾಯುತ್ತ ಗಾಜಿನ ಕಪಾಟನ್ನು ನೋಡಿದೆ. ಮೇಲಿನ ಸಾಲಿನಲ್ಲಿ, ಸ್ವಿಚ್ಚುಗಳ ಪಕ್ಕದಲ್ಲಿ, ನನ್ನ ದೀಪ ಕೂತಿತ್ತು. ಅಂಚಿನ ಮೇಲೆ ನನ್ನ ಕೆಂಪು ರೈಟ್ ಮಾರ್ಕ್.

ನನ್ನ ಎದೆ ಹೊಡೆದುಕೊಂಡದ್ದು ದುಃಖದಿಂದ ಎಂದು ಹೇಳಿದರೆ ಸುಳ್ಳಾಗುತ್ತದೆ. ಗೆದ್ದ ಖುಷಿ ಅದು. ಚೀಟಿ ಕೈಗೆ ಸಿಕ್ಕಾಗ ಆಗುತ್ತಿದ್ದಂಥದ್ದೇ. ಮಾಲಕರನ್ನು “ಇದು ಎಲ್ಲಿಂದ ಬಂತು?” ಎಂದು ಒಂದು ಮಾತು ಕೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಕೇಳಿದರೆ ಎಚ್ಚರಗೊಂಡು ಬಚ್ಚಿಟ್ಟಾರೆಂದು ನಾನು ಕೇಳಲಿಲ್ಲ. ಫೋನ್ ಬಂದವನಂತೆ ಕಿವಿಗೆ ಹಿಡಿದು, ಇಳಿಸುವಾಗ ಒಂದು ಫೋಟೋ ತೆಗೆದು ಹೊರಗೆ ಬಂದೆ.

ಬೀದರಿಗೆ ಮರಳುವ ಬಸ್ಸಿನಲ್ಲಿ ಕೂತು ಓಣಿಯ ವಾಟ್ಸಾಪ್ ಗುಂಪಿಗೆ ಬರೆದೆ. ಮಾಸ್ತರ ಬರವಣಿಗೆ, ಒಂದು ಒತ್ತಕ್ಷರ ತಪ್ಪಿರಲಿಲ್ಲ. ಅಂಬಾದಾಸನೆಂಬ ಮೆಕ್ಯಾನಿಕನು ನಮ್ಮ ಮನೆಯಿಂದ ರಿಪೇರಿಗೆಂದು ಒಯ್ದ ವಸ್ತುವು ಭಾಲ್ಕಿಯ ಅಂಗಡಿಯಲ್ಲಿ ಮಾರಾಟಕ್ಕಿರುವುದನ್ನು ನಾನು ಕಣ್ಣಾರೆ ಕಂಡಿರುತ್ತೇನೆ, ಎಲ್ಲರೂ ತಮ್ಮ ತಮ್ಮ ವಸ್ತುಗಳ ಬಗ್ಗೆ ಎಚ್ಚರ ವಹಿಸತಕ್ಕದ್ದು. ಕೆಳಗೆ ಫೋಟೋ.

ಬಸ್ಸು ಬೀದರ ಮುಟ್ಟುವುದರೊಳಗೆ ಗುಂಪು ಹೊತ್ತಿಕೊಂಡಿತ್ತು. ತಮ್ಮ ಮಿಕ್ಸರು ಅವನ ಕೈ ಸೇರಿದ ಮೇಲೆ ಸದ್ದು ಬದಲಾಗಿದೆಯೆಂದು ಒಬ್ಬರು ಬರೆದರು. ಎದುರುಮನೆಯ ಶಕುಂತಲಾಬಾಯಿ, ತಮ್ಮ ಮಿಕ್ಸರಿನ ಸಣ್ಣ ಜಾರಿನ ಮುಚ್ಚಳ ಅವನು ಬಂದುಹೋದ ದಿನದಿಂದಲೇ ಕಾಣುತ್ತಿಲ್ಲವೆಂದು ಬರೆದರು. ಮೊದಲಿನಿಂದಲೂ ಅವನ ಮೇಲೆ ತಮಗೆ ಸಂಶಯವಿತ್ತೆಂದು ಅನೇಕರು ಒಪ್ಪಿಕೊಂಡರು.

ನಿರ್ಮಲಾ ಸಂಜೆ ಎಲ್ಲವನ್ನೂ ಓದಿ ಫೋನ್ ಕೆಳಗಿಟ್ಟಳು.

“ಖಾತ್ರಿ ಮಾಡ್ಕೊಂಡೀರೇನು?”

“ಫೋಟೋ ಅದಲ್ಲ.”

“ಫೋಟೋದಾಗ ದೀಪ ಅದ. ಕಳ್ಳತನ ಎಲ್ಲದ?”

ಮರುದಿನ ರವಿವಾರ ಬೆಳಿಗ್ಗೆ ಪಕ್ಕದ ಮನೆಯ ನಸ್ರೀನ್ ಆಪಾ ಬಂದರು. ಅವರು ಮನೆಯಲ್ಲೇ ಅಡುಗೆ ಮಾಡಿ ಊಟದ ಡಬ್ಬಿ ಕಳಿಸುವವರು. ಅವರ ದೊಡ್ಡ ಗ್ರೈಂಡರು ನಿಂತರೆ ಊರಿನ ಎಷ್ಟೋ ಜನ ಉಪವಾಸ, ಆ ಗ್ರೈಂಡರನ್ನು ನಡೆಸುತ್ತಿರುವವನು ಅಂಬಾದಾಸ. ಅವರು ಕೂರಲಿಲ್ಲ. ಬಾಗಿಲಲ್ಲೇ ನಿಂತರು.

“ಮಾಸ್ಟರ್ ಸಾಬ್, ಉನೆ ಐಸಾ ಆದ್ಮಿ ನೈ, ಅವ ಅಂಥಾಂವ ಅಲ್ಲ. ನೀವು ಅವನ ಮುಖ ನೋಡಿ ಕೇಳೀರೇನು?”

“ಫೋನ್ ಬಂದ್ ಅದ ಅವಂದು.”

“ಫೋನ್ ನೀರಾಗ ಬಿದ್ದದರಿ. ಔರಾದದಾಗ ಒಂದು ಖಾನಾವಳಿಯ ಕೆಲಸ ಹಿಡದಾನ, ಅವನ ಅಕ್ಕನ ಮನಿಯಾಗ ಇರ್ತಾನ. ಅಕ್ಕನ ಫೋನಿಂದ ನನಗ ಮಾತಾಡ್ಯಾನ. ನಿಮಗೂ ಹಚ್ಚಿದ್ದನಂತ, ನೀವು ಎತ್ತಲಿಲ್ಲಂತ.”

ನಾನು ಗುರುತಿಲ್ಲದ ನಂಬರಿನ ಕರೆ ಎತ್ತುವುದಿಲ್ಲ. ಎಲ್ಲ ಮೋಸಗಾರರೂ ಹಾಗೇ ಕರೆಯುತ್ತಾರೆಂದು ನನ್ನ ನಂಬಿಕೆ. ಫೋನ್ ತೆಗೆದು ನೋಡಿದೆ. ಒಂದೇ ನಂಬರಿನಿಂದ ಮೂರು ಸಲ ಕರೆ ಬಂದಿತ್ತು. ಮೂರನೆಯ ಸಲದ ನಂತರ ಆ ನಂಬರನ್ನು ನಾನೇ ತಡೆದಿಟ್ಟಿದ್ದೆ. ಆಪಾ ಅದನ್ನು ನೋಡಿದರು. ನನಗಾದರೂ ಇನ್ನೂ ಪೂರ್ತಿ ನಂಬಿಕೆಯಿಲ್ಲ. ಕದ್ದವನೂ ಫೋನ್ ಮಾಡಬಹುದಲ್ಲ, ನೆಪ ಹೇಳಲಿಕ್ಕೆ.

ಸೋಮವಾರ ನಿರ್ಮಲಾಳ ಬಸ್ಸಿನಲ್ಲೇ ಔರಾದಿಗೆ ಹೊರಟೆ. ಅವಳು ಸಂತಪುರದಲ್ಲಿ ಇಳಿದು, ಕಿಟಕಿಯ ಹತ್ತಿರ ಬಂದು, “ಮೊದಲ ಅವನ ಮಾತ ಕೇಳ್ರಿ. ಆಮ್ಯಾಲ ನಿಮ್ಮದು ಹೇಳ್ರಿ” ಎಂದಳು. ಮಕ್ಕಳಿಗೆ ಹೇಳುವ ದನಿ ಅದು. ಬಸ್ಸು ಹೊರಟಿತು.

ಔರಾದಿನ ಖಾನಾವಳಿಯಲ್ಲಿ ವಿಚಾರಿಸಿದರೆ, ಅಂಬಾದಾಸ ಲೇತ್ ಕಾರಖಾನೆಗೆ ಹೋಗಿದ್ದಾನೆಂದರು. ಅದೊಂದು ತಗಡಿನ ಶೆಡ್ಡು. ಒಳಗೆ ಬಿಳಿ ಗಡ್ಡದ ಉಸ್ತಾದರೊಬ್ಬರು ಯಂತ್ರಕ್ಕೆ ಬಾಗಿದ್ದರು. ಪಕ್ಕದಲ್ಲಿ ಅಂಬಾದಾಸ, ಕೈಯಲ್ಲಿ ನಮ್ಮ ಕೆಟ್ಟ ದೀಪ. ನನ್ನನ್ನು ಕಂಡಕೂಡಲೆ ಅವನ ಮುಖ ಅರಳಿತು.

“ಸರ್, ನೀವ್ಯಾಕ ಇಲ್ಲಿತನ ಬಂದ್ರಿ? ನಾನೇ ಬರ್ತಿದ್ದೆ. ಫೋನ್ ಯಾಕ ಎತ್ತಲಿಲ್ರಿ?”

ನಿರ್ಮಲಾ ಹೇಳಿದಂತೆ ನಾನು ಸುಮ್ಮನಿದ್ದೆ. ಅವನು ಉತ್ಸಾಹದಿಂದ ಎಲ್ಲ ಹೇಳಿದ. ಭಾಲ್ಕಿಯ ಅಂಗಡಿಯವರಿಗೆ ಹೈದರಾಬಾದಿನಿಂದ ಸಾಮಾನು ಬರುತ್ತದೆ. ಹಳೆಯ ದಾಸ್ತಾನಿನಲ್ಲಿ ಇಂಥದೊಂದು ಇದ್ದರೆ ತರಿಸಲೆಂದು ಒಳ್ಳೆಯ ದೀಪವನ್ನು ನಮೂನೆಗೆ ಅಲ್ಲಿ ಇಟ್ಟು ಬಂದಿದ್ದಾನೆ. ಅದು ಸಿಗುತ್ತದೆಂಬ ಭರವಸೆ ಇಲ್ಲ. ಅದಕ್ಕೇ ಇಲ್ಲಿ, ಹೊಸ ಸಣ್ಣ ದೀಪಗಳು ನಮ್ಮ ಹಳೆಯ ತೂತಿನಲ್ಲಿ ಜಾರದೆ ಕೂರುವಂತೆ, ಅಲ್ಯೂಮಿನಿಯಂ ಬಳೆ ಮಾಡಿಸುತ್ತಿದ್ದಾನೆ. ಒಂದು ಬಳೆ ಆಗಲೇ ಸಿದ್ಧವಾಗಿತ್ತು. ಉಸ್ತಾದರು ಅದನ್ನು ತಮ್ಮ ಅಂಗಿಗೆ ಒರೆಸಿ ನನ್ನ ಅಂಗೈಯಲ್ಲಿಟ್ಟರು. ಇನ್ನೂ ಬೆಚ್ಚಗಿತ್ತು. ಹೊಸ ದೀಪವನ್ನು ಅದರಲ್ಲಿ ಕೂರಿಸಿ ತೋರಿಸಿದರು. ಡಬ್ಬಿಗೆ ಮುಚ್ಚಳ ಕೂತಂತೆ ಕೂತಿತು.

ಅಂಬಾದಾಸನ ಹಳೆಯ ಫೋನ್ ಕೆಟ್ಟಿದೆ, ಗುಂಪಿನಲ್ಲಿ ಅವನಿಲ್ಲ, ಬರೆದದ್ದು ಅವನಿಗೆ ತಿಳಿದಿಲ್ಲ. ಈ ಲೆಕ್ಕವನ್ನು ನನ್ನ ತಲೆ ಬಹಳ ಬೇಗ ಮಾಡಿತು. ಬಳೆ ತೆಗೆದುಕೊಂಡು, ಬಹಳ ಚಲೋ ಮಾಡಿದಿ ಎಂದು ಬೆನ್ನು ತಟ್ಟಿ ಹೊರಟುಬಿಡಬಹುದು. ಹೊರಗೆ ನೀರು ಕುಡಿದು ಬರುತ್ತೇನೆಂದು ಹೇಳಿ, ಶೆಡ್ಡಿನ ಮೂಲೆಗೆ ಹೋಗಿ ಗುಂಪಿನಲ್ಲಿ ನನ್ನ ಸಂದೇಶವನ್ನು ಅಳಿಸಿದೆ. ಅದು ಹೋಯಿತು. ಅದರ ಜಾಗದಲ್ಲಿ, ಸಂದೇಶ ಅಳಿಸಲಾಗಿದೆ ಎಂಬ ಒಂದು ಸಾಲು ಬಂದು ಕೂತಿತು. ಕೆಳಗೆ ಮಿಕ್ಸರಿನ ಸದ್ದು, ಜಾರಿನ ಮುಚ್ಚಳ ಎಲ್ಲ ಹಾಗೆಯೇ ಇದ್ದವು.

ಒಳಗೆ ಬಂದಾಗ ಅಂಬಾದಾಸ ಎರಡನೆಯ ಬಳೆಯ ಅಳತೆ ನೋಡುತ್ತ, ತನ್ನಷ್ಟಕ್ಕೆ ಎಂಬಂತೆ ಹೇಳಿದ:

“ಮನಿ ಕಡಿ ಏನೋ ಗಡಬಡ ಆಗ್ಯಾದ ಸರ್. ನಿನ್ನೆ ನನ್ನ ಹೆಂಡತಿ ಅಕ್ಕನ ಫೋನಿಗಿ ಹಚ್ಚಿದ್ದಳು. ಮಂದಿ ಬಂದು, ರಿಪೇರಿಗಿ ಕೊಟ್ಟಿದ್ದ ಮಿಕ್ಸರ್ ಹಾಂಗೇ ಹೊಳ್ಳಿ ಒಯ್ಯಲತ್ತಾರಂತ. ಬಿಚ್ಚಿಟ್ಟಿದ್ದು ಸುದ್ದಾ ಒಯ್ದಾರ. ಒಬ್ಬಾಕಿ ಒಳಗ ಬಂದು ಮಾಡದಾಗೆಲ್ಲ ಕೈ ಹಾಕಿ ನೋಡ್ಯಾಳಂತ. ಯಾಕ ಅಂತ ತಿಳಿವಲ್ದು.”

ಮಾಡ ಎಂದರೆ ಗೋಡೆಯೊಳಗಿನ ಗೂಡು. ಒಬ್ಬ ಹೆಂಗಸು ತನ್ನ ಮನೆಯ ಬಾಗಿಲಲ್ಲಿ ನಿಂತು, ಪರರು ತನ್ನ ಮಾಡಗಳಲ್ಲಿ ಕೈಯಾಡಿಸುವುದನ್ನು ನೋಡುತ್ತಿರುವುದು ನನ್ನ ಕಣ್ಣಿಗೆ ಕಟ್ಟಿತು. ಬಳೆ ನನ್ನ ಅಂಗೈಯಲ್ಲಿ ಅಷ್ಟರಲ್ಲಿ ತಣ್ಣಗಾಗಿತ್ತು.

“ನಾ ಬರದೀನಿ ಅಂಬಾದಾಸ,” ಎಂದೆ. “ನೀ ನಮ್ಮ ದೀಪ ಭಾಲ್ಕಿಯಾಗ ಮಾರೀದಿ ಅಂತ ಓಣಿಯವರಿಗೆಲ್ಲ ಬರದೀನಿ.”

ಉಸ್ತಾದರು ಯಂತ್ರ ನಿಲ್ಲಿಸಿದರು. ಅಂಬಾದಾಸ ನನ್ನನ್ನು ನೋಡಿದ. ಸಿಟ್ಟಾಗುತ್ತಾನೆಂದು ಕಾದೆ. ಆಗಿದ್ದರೆ ನನಗೆ ಹಗುರಾಗುತ್ತಿತ್ತು.

“ಹತ್ತನೇದಾಗ ನೀವು ಹಿಡದ ಚೀಟಿ ನಂದೇರಿ ಸರ್,” ಎಂದ ನಿಧಾನವಾಗಿ. “ಅದಕ್ಕ ನಾ ಅವತ್ತ ಬಾಯಿ ತಗೀಲಿಲ್ಲ. ಇದು ನಂದಲ್ಲ.”

“ಗೊತ್ತಾಯ್ತಪ್ಪ.”

“ಈಗ ಗೊತ್ತಾಯ್ತರಿ.”

ಉಸ್ತಾದರು ಎರಡನೆಯ ಬಳೆಯನ್ನು ಮುಗಿಸಿದರು. ಅಂಬಾದಾಸ ಎರಡೂ ಬಳೆಗಳನ್ನು, ಹೊಸ ದೀಪಗಳನ್ನು ಅದೇ ಹಳೆಯ ಅರಿವೆಯಲ್ಲಿ ಸುತ್ತಿ ನನ್ನ ಕೈಗಿತ್ತ. “ನೀವೇ ಹಚ್ಕೋರಿ ಸರ್, ಕಷ್ಟ ಏನಿಲ್ಲ. ನಾ ನಿಮ್ಮ ಓಣಿಗಿ ಬರಂಗಿಲ್ಲ” ಎಂದು, ಉಸ್ತಾದರಿಗೆ ಸಲಾಂ ಹೇಳಿ ಖಾನಾವಳಿಯ ಕಡೆ ನಡೆದ.

ಸಂಜೆ ನಿರ್ಮಲಾ ನಾನು ಹೇಳಿದ್ದನ್ನೆಲ್ಲ ಕೇಳಿದಳು. ತಪ್ಪಾಯಿತೆಂದು ಗುಂಪಿನಲ್ಲಿ ಬರೆಯುತ್ತೇನೆ ಎಂದೆ.

“ಬರೀರಿ. ಬರದ್ರ ಅಷ್ಟ ಸಾಲಂಗಿಲ್ಲ. ಮಂದಿ ಅವನ ಮನಿ ಬಾಗಲಿಗಿ ಹೋಗ್ಯಾರ. ನೀವೂ ಮನಿ ಬಾಗಲಿಗಿ ಹೋಗ್ರಿ.”

ಹೋದೆ. ಬರೆಯುವಾಗ ಇದ್ದ ಭಾಷೆ ಬಾಗಿಲಲ್ಲಿ ನಿಂತಾಗ ಇರಲಿಲ್ಲ. “ಅಂಬಾದಾಸಂದು ತಪ್ಪಿಲ್ಲ, ನಂದು ತಪ್ಪು” ಎಂಬ ನಾಲ್ಕೇ ಶಬ್ದಗಳ ಮಾತನ್ನು ಹೇಳುವಷ್ಟರಲ್ಲಿ ಬೆವರು ಬರುತ್ತಿತ್ತು. ನಾನು ಎಣಿಸದಿದ್ದ ಸಂಗತಿಯೆಂದರೆ, ಜನ ಅದನ್ನು ಒಪ್ಪಲು ಸಿದ್ಧರಿರಲಿಲ್ಲ. ಶಕುಂತಲಾಬಾಯಿ ನನ್ನನ್ನು ಒಳಗೆ ಕರೆದು, ಬಾಗಿಲು ಅರೆ ಮುಚ್ಚಿ, ದನಿ ತಗ್ಗಿಸಿ ಕೇಳಿದರು:

“ಖರೆ ಹೇಳ್ರಿ ಸರ್, ಅವ ಏನರ ಹೆದರಿಸ್ಯಾನೇನು ನಿಮಗ?”

“ಇಲ್ರಿ ಬಾಯಿ. ನಾನೇ ತಪ್ಪ ತಿಳಕೊಂಡೆ.”

“ನಿಮ್ಮಂಥಾ ಸರ್ ಸುಮ್ಮ ಸುಮ್ಮ ಬರೀತೀರೇನು? ಮತ್ತ ನಮ್ಮ ಜಾರಿನ ಮುಚ್ಚಳ?”

ನಾನು ನೇರ ಅವರ ಅಡುಗೆಮನೆಗೆ ನಡೆದೆ. ಮೊಣಕಾಲೂರಿ, ಗ್ಯಾಸಿನ ಸಿಲಿಂಡರಿನ ಹಿಂದೆ, ಹಿಟ್ಟಿನ ಡಬ್ಬಿಗಳ ಹಿಂದೆ, ಜರಡಿಗಳ ಸಂದಿಯಲ್ಲಿ ಹುಡುಕಿದೆ. ಮುಚ್ಚಳ ಫ್ರಿಜ್ಜಿನ ಕೆಳಗೆ ಸಿಕ್ಕಿತು, ಜೇಡರ ಬಲೆ ಸಮೇತ. ಅದನ್ನು ಅವರ ಕೈಗೆ ಕೊಟ್ಟೆ. ಅವರು ಮುಚ್ಚಳವನ್ನು ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅದನ್ನು ನಾನೇ ತಂದು ಅಲ್ಲಿಟ್ಟೆನೋ ಎಂಬ ನೋಟವದು. ಆ ನೋಟವನ್ನು ನಾನು ಎಲ್ಲಿ ಬೇಕಾದರೂ ಗುರುತಿಸಬಲ್ಲೆ. ಅದರ ಎದುರು ಕಡೆಗೆ ನಿಂತದ್ದು ಮಾತ್ರ ಅದೇ ಮೊದಲು. ಅಂಥ ನೋಟದ ಮುಂದೆ ಮನುಷ್ಯ ಏನು ಹೇಳಿದರೂ ಅದು ನೆಪದಂತೆಯೇ ಕೇಳುತ್ತದೆ.

ಅಂಬಾದಾಸನ ಮನೆಗೂ ಹೋದೆ. ಅವನ ಹೆಂಡತಿ ಬಾಗಿಲು ಪೂರ್ತಿ ತೆರೆಯಲಿಲ್ಲ. ನಾನು ಹೇಳಬೇಕಾದ್ದನ್ನು ಸಂದಿಗೇ ಹೇಳಿದೆ. ಅವಳು ಕೇಳಿಸಿಕೊಂಡು, “ಹೇಳ್ತೇನ್ರಿ ಅವರಿಗಿ” ಎಂದಳು. ಒಳಗೆ ಮಾಡದಲ್ಲಿ ಒಂದೇ ಒಂದು ಮಿಕ್ಸರು ಉಳಿದಿತ್ತು. ಮರುದಿನ ನಾನು ನಮ್ಮ ಮಿಕ್ಸರನ್ನು ಹಗಲು ಹೊತ್ತಿನಲ್ಲಿ, ಓಣಿಯವರೆಲ್ಲ ನೋಡುವಂತೆ ಹೊತ್ತುಕೊಂಡು ಹೋಗಿ, ಅವರ ಬಾಗಿಲಲ್ಲಿ ಇಟ್ಟು ಬಂದೆ. ಅದಕ್ಕೆ ಏನೂ ಆಗಿರಲಿಲ್ಲ. ಅದರ ನಂತರ ಒಂದೆರಡು ಮನೆಯವರು ತಮ್ಮವನ್ನು ಮರಳಿ ಕೊಟ್ಟರು. ಎಲ್ಲರೂ ಕೊಡಲಿಲ್ಲ. ಇಂದಿಗೂ ಎರಡು ಮನೆಯವರು ಬೇರೆ ಮೆಕ್ಯಾನಿಕನನ್ನು ಕರೆಯುತ್ತಾರೆ.

ಹೊಸ ದೀಪಗಳನ್ನು ನಾನು ಹಚ್ಚಲಿಲ್ಲ. ಒಮ್ಮೆ ಸ್ಟೂಲ್ ಹತ್ತಿ ನೋಡಿದೆ. ವಯರುಗಳು ನನಗೆ ಅರ್ಥವಾಗಲಿಲ್ಲವೆಂಬುದು ಅರ್ಧ ನಿಜ. ಅರಿವೆಯ ಗಂಟು ಚಿಮಣಿಯ ಮೇಲೆ ಹಾಗೆಯೇ ಕೂತಿತು. ನಾನು ಕೆಳಗೆ ಕತ್ತಲಲ್ಲಿ ಅಡುಗೆ ಮಾಡುತ್ತಲೇ ಇದ್ದೆ. ನಿರ್ಮಲಾ ಬ್ಯಾಳಿಯನ್ನು ಬೆಳಕಿಗೆ ಹಿಡಿದು ನೋಡುವುದನ್ನು ಬಿಟ್ಟು, ಕಣ್ಣು ಮುಚ್ಚಿ ಉಣ್ಣತೊಡಗಿದಳು.

ಮಳೆಗಾಲ ಶುರುವಾದ ಮೇಲೆ ಒಂದು ದಿನ ಆಪಾ ಅವರ ಗ್ರೈಂಡರು ನಿಂತಿತು. ಅವರು ಕರೆದಾಗ ಅಂಬಾದಾಸ ಬರಲೇಬೇಕಾಯಿತು. ಓಣಿಯಲ್ಲಿ ಅವನ ಮೋಟರ್ ಸೈಕಲ್ಲಿನ ಸದ್ದು ಕೇಳಿ ನಾನು ಬಾಗಿಲಿಗೆ ಬಂದು ನಿಂತೆ. ಅವನು ನನ್ನನ್ನು ನೋಡಿದ. ಮುಂದೆ ಹೋದ. ಆಪಾ ಅವರ ಗೇಟಿನ ಮುಂದೆ ಗಾಡಿ ನಿಲ್ಲಿಸಿ, ಅಲ್ಲೇ ಸ್ವಲ್ಪ ಹೊತ್ತು ನಿಂತು, ಮತ್ತೆ ಹಿಂದಕ್ಕೆ ಬಂದ.

“ದೀಪ ಹಚ್ಚಿದ್ರೇನ್ರಿ ಸರ್?”

“ಇಲ್ಲಪ್ಪ.”

“ಯಾಕ್ರಿ?”

“ಬರಂಗಿಲ್ಲ ನನಗ.”

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. ಸ್ಟೂಲ್ ಹತ್ತಿ, ಕತ್ತು ತೂರಿಸಿ ಕೆಲಸಕ್ಕೆ ಹತ್ತಿದ. ನಾನು ಸ್ಕ್ರೂಗಳನ್ನು ಅಂಗೈಯಲ್ಲಿ ಹಿಡಿದು ಒಂದೊಂದಾಗಿ ಕೊಟ್ಟೆ. ಬಳೆಗಳು ತೂತಿನಲ್ಲಿ ಬಿಗಿಯಾಗಿ ಕೂತವು. ಅವನು ಸ್ವಿಚ್ ಒತ್ತಿದ. ಒಲೆಕಟ್ಟೆಯ ಮೇಲೆ ಬೆಳ್ಳನೆ ಬೆಳಕು ಬಿದ್ದು, ಇಷ್ಟು ದಿನ ನಾನು ಒರೆಸಿದ್ದೇನೆಂದು ತಿಳಿದಿದ್ದ ಗೋಡೆಯ ಮೇಲಿನ ಎಣ್ಣೆಯ ಚುಕ್ಕೆಗಳೆಲ್ಲ ಒಮ್ಮೆಲೇ ಕಂಡವು.

ಅವನು ಕೆಲಸ ಮಾಡುವಾಗಲೇ ನಾನು ಪಕ್ಕದ ಒಲೆಯಲ್ಲಿ ಚಹಾಕ್ಕೆ ಇಟ್ಟಿದ್ದೆ. ಆ ಹೊಸ ಬೆಳಕಿನಲ್ಲಿ ಎರಡು ಕಪ್ಪಿಗೆ ಸೋಸಿ ಒಂದನ್ನು ಅವನ ಮುಂದೆ ಹಿಡಿದೆ.

“ಒಲ್ಲೆರಿ ಸರ್. ಆಪಾ ಇಟ್ಟಿರ್ತಾರ, ಅಲ್ಲೇ ಕುಡೀತೇನಿ.”

“ಮುಂದಿನ ಸಲ ಬಂದಾಗರ ಕುಡೀತೀ?”

ಅವನು ಚಪ್ಪಲಿ ಮೆಟ್ಟಿಕೊಳ್ಳುತ್ತ, ತಲೆ ಎತ್ತದೆ, “ನೋಡೋಣ್ರಿ” ಎಂದ. ದನಿಯಲ್ಲಿ ಮುನಿಸಿರಲಿಲ್ಲ. ಸಲಿಗೆಯೂ ಇರಲಿಲ್ಲ.

ಅವನು ಹೋದ ಮೇಲೆ ನಾನು ಕಪ್ಪು ಹಿಡಿದು ಅಲ್ಲೇ ನಿಂತೆ. ಕಿಟಕಿಯಾಚೆ, ಗೋಡೆಯ ಆ ಕಡೆ, ಆಪಾ ಅವರ ಅಡುಗೆಮನೆಯಲ್ಲಿ ಅವನು ಏನೋ ಹೇಳಿದ್ದಕ್ಕೆ ಅವರು ನಕ್ಕದ್ದು ಕೇಳಿಸಿತು. ಸಕ್ಕರೆ ಎಷ್ಟು ಹಾಕಲಿ ಎಂದು ಅವರು ಕೇಳಿದರು. “ಎರಡು ಚಮಚ ಹಾಕ್ರಿ ಆಪಾ” ಎಂದ ಅವನು.

ಇಷ್ಟು ವರ್ಷ ನಮ್ಮ ಮನೆಗೆ ಬಂದುಹೋದವನು ಅವನು. ನಾನು ಅವನಿಗೆ ಒಂದೇ ಚಮಚ ಹಾಕಿದ್ದೆ.